ವಿಯೆಟ್ನಾಮಿ ಭಾಷೆಯಲ್ಲಿ ‘ಕಡ್ಡಿ ಪೈಲ್ವಾನ್’: ಬಡಕಲು ಮೈಗೆ ಅಲ್ಲಿನ ನುಡಿಗಟ್ಟುಗಳು

ನುಡಿಜೋಳಿಗೆ:
ವಿಯೆಟ್ನಾಮಿ ಕಥೆಯೊಂದನ್ನು ಕನ್ನಡಕ್ಕೆ ತರುವ ಕೆಲಸ ಇದೆ. ಒಂದೇ ಅಧ್ಯಾಯದಲ್ಲಿ ಐದಾರು ಬಗೆಯಾಗಿ ‘ಸಣಕಲ’ ಅಂತ ಬರುತ್ತೆ. ಒಬ್ಬ ಸೌದೆ ಕಡ್ಡಿಯಂತೆ, ಇನ್ನೊಬ್ಬ ಉಪ್ಪುಮೀನಿನಂತೆ, ಅಜ್ಜಿ ಜೀರುಂಡೆ ಪೊರೆಯಂತೆ, ಒಬ್ಬಳು ಕೊಕ್ಕರೆಯಂತೆ, ಮತ್ತೊಬ್ಬಳು ಸಾರಸದಂತೆ. ನಿಘಂಟು ನೋಡಿದರೆ ಎಲ್ಲದಕ್ಕೂ ‘ತುಂಬಾ ತೆಳ್ಳಗಿನ’ ಅನ್ನೋ ಒಂದೇ ಅರ್ಥ. ಇವುಗಳಲ್ಲಿ ಯಾವುದು ಬೈಗುಳ, ಯಾವುದು ಮರುಕ, ಯಾವುದು ಹೊಗಳಿಕೆ? ಎಲ್ಲದಕ್ಕೂ ‘ಕಡ್ಡಿ ಪೈಲ್ವಾನ್’ ಅಂತ ಹಾಕಿದರೆ ನಡೆಯುತ್ತಾ? ಉಚ್ಚಾರಣೆ ಕನ್ನಡ ಲಿಪಿಯಲ್ಲೇ ಕೊಡಿ, ಅಡಿಟಿಪ್ಪಣಿಗೂ ಬೇಕಾಗುತ್ತೆ.

ಕೆಂಪುನದಿ:
ನಡೆಯಲ್ಲ. ‘ಕಡ್ಡಿ ಪೈಲ್ವಾನ್’ ಅಂದರೆ ತಮಾಷೆ. ನೀವು ಹೇಳಿದ ಐದರಲ್ಲಿ ತಮಾಷೆಗೆ ಒಗ್ಗುವುದು ಮೊದಲ ಎರಡು ಮಾತ್ರ.

ನುಡಿಗಟ್ಟಿಗೆ ಹೋಗುವ ಮುಂಚೆ ಬೇರುಪದ ಸರಿ ಮಾಡಿಕೊಳ್ಳಿ. ಕನ್ನಡದಲ್ಲಿ ‘ತೆಳು’ ಒಂದಿದ್ದರೆ ಎಲ್ಲಾ ಕೆಲಸ ಆಗುತ್ತೆ: ತೆಳ್ಳಗಿನ ಹುಡುಗ, ತೆಳು ಸೀರೆ, ತೆಳು ಸಾರು, ತೆಳ್ಳಗಾದ ಕೂದಲು. ಅಲ್ಲಿ ಒಂದೊಂದಕ್ಕೆ ಒಂದೊಂದು ಪದ. ಮನುಷ್ಯ, ಪ್ರಾಣಿಯ ಮೈಗೆ ‘ಗಯ್’. ಕಾಗದ, ಬಟ್ಟೆಗೆ ‘ಮೊಂಗ್’. ಗಂಜಿ, ಸಾರಿಗೆ ‘ಲ್ವಾಂಗ್’. ದಾರದಂಥ ಉದ್ದನೆಯದಕ್ಕೆ ‘ಮಾಞ್’. ವಿರಳವಾದ ಕೂದಲಿಗೆ ‘ಥುಅ’. ಕೊಬ್ಬಿಲ್ಲದ ಮಾಂಸಕ್ಕೆ ‘ನಾಕ್’. ಮೊಬೈಲ್ ಅನುವಾದಕ ಇಂಗ್ಲಿಷ್ ದಾರಿ ಹಿಡಿದು ಬರುವುದರಿಂದ ಎಷ್ಟೋ ಸಲ ಮನುಷ್ಯನಿಗೂ ‘ಮೊಂಗ್’ ಕೊಡುತ್ತೆ. ಕೇಳಿದವರಿಗೆ ಅವನು ಸಣಕಲ ಅಂತಲ್ಲ, ಹಾಳೆ ಅಂತ ಕೇಳಿಸುತ್ತೆ. ‘ಗಯ್’ ಮೈಯಾಚೆಗೂ ಸ್ವಲ್ಪ ಹೋಗುತ್ತೆ. ಕೆನೆ ತೆಗೆದ ಹಾಲು ‘ಸುಅ ಗಯ್’, ಸಾರವಿಲ್ಲದ ಮಣ್ಣೂ ‘ಗಯ್’.

ಲಿಪಿ ವಿಷಯ: ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಙ, ಞ ಎರಡಕ್ಕೂ ಇಲ್ಲಿ ಕೈತುಂಬ ಕೆಲಸ. ಪದದ ಮೊದಲಲ್ಲೇ ಬರುತ್ತವೆ. ಅವರ ಥ ನಮ್ಮ ಮಹಾಪ್ರಾಣ ಥ, ಬೇರೆ ತಂತ್ರ ಬೇಡ. ಒ–ಓ, ಎ–ಏ ಭೇದವನ್ನೂ ಹಾಗೇ ಉಳಿಸಿಕೊಳ್ಳಬಹುದು, ಅಲ್ಲಿ ಅದು ಉದ್ದದ ಭೇದವಲ್ಲ, ಬಾಯಿ ಎಷ್ಟು ತೆರೆಯುತ್ತೆ ಅನ್ನೋ ಭೇದ. ಸ್ವರದ ಏರಿಳಿತವನ್ನು ಕನ್ನಡ ಲಿಪಿ ತೋರಿಸಲಾರದು. ಹನೋಯ್ ಮಾತಿನಲ್ಲಿ ಆರು ಸ್ವರ, ದಕ್ಷಿಣದಲ್ಲಿ ಎರಡು ಕೂಡಿಕೊಂಡು ಐದು. ‘ಗಯ್’ ಅನ್ನು ಮೆಲ್ಲಗೆ ಇಳಿಸಿ ಹೇಳಿದರೆ ಸಣಕಲು, ಗಂಟಲಲ್ಲಿ ತಟ್ಟನೆ ಕತ್ತರಿಸಿ ಹೇಳಿದರೆ ದೊಣ್ಣೆ. ಅಡಿಟಿಪ್ಪಣಿಯಲ್ಲಿ ‘ಇಳಿಸ್ವರ’ ಅಂತ ಒಂದು ಮಾತು ಸೇರಿಸಿ.

ಮೇಕಾಂಗ್_ದಂಡೆ:
ಕೆಂಪುನದಿ ಹೇಳಿದ್ದು ಉತ್ತರದ ಲೆಕ್ಕ. ಕಥೆ ಯಾವ ಕಡೆಯದು ಅಂತ ಮೊದಲು ಕೇಳಬೇಕಿತ್ತು. ಸೈಗಾನ್, ಮೇಕಾಂಗ್ ಕಡೆ ಸಣ್ಣಗಿರುವವನಿಗೆ ‘ಗಯ್’ ಅನ್ನುವುದಕ್ಕಿಂತ ‘ಓಮ್’ ಅನ್ನುವುದೇ ರೂಢಿ. ಅದೇ ‘ಓಮ್’ ಹನೋಯ್‌ಗೆ ಹೋದರೆ ‘ಕಾಯಿಲೆ’. ದಕ್ಷಿಣದಲ್ಲಿ ಕಾಯಿಲೆಗೆ ‘ಬೇಞ್’ ಇದೆ, ಆಡುಮಾತಿನಲ್ಲಿ ‘ಬಿನ್’ ಅಂತ ಕೇಳಿಸುತ್ತೆ.

ಅನುವಾದದಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲೇ. ದಕ್ಷಿಣದ ಅಮ್ಮ ಊರಿಂದ ಬಂದ ಮಗನಿಗೆ ‘ಎಷ್ಟು ಓಮ್ ಆಗಿದ್ದೀಯ’ ಅಂತಾಳೆ. ಅನುವಾದಕ ‘ಎಷ್ಟು ಹುಷಾರಿಲ್ಲ ನಿನಗೆ’ ಅಂತ ಬರೀತಾನೆ. ಮುಂದಿನ ಪುಟದಲ್ಲಿ ಮಗ ಸೈಕಲ್ ಹೊಡೀತಾ ಪೇಟೆಗೆ ಹೋಗುತ್ತಾನೆ, ಓದುಗ ಕಂಗಾಲು.

ಗುರುತು ಹಿಡಿಯೋದು ಹೀಗೆ. ‘ಓಮ್’ ಮುಂಚೆ ‘ಬಿ’ ಅನ್ನೋ ಪದ ಇದ್ದರೆ (ಕೆಟ್ಟದ್ದು ತಟ್ಟಿತು ಅನ್ನುವ ಅರ್ಥದ ಸಹಾಯಕ ಪದ) ಬಹುಮಟ್ಟಿಗೆ ಕಾಯಿಲೆಯೇ. ‘ಓಮ್’ ಆದಮೇಲೆ ‘ದಿ’ ಬಂದರೆ ಮೈ ಇಳಿದಿದೆ ಅಂತ. ಅದೂ ಸಾಲದಿದ್ದರೆ ಸುತ್ತಲಿನ ಪದ ನೋಡಿ. ದಪ್ಪಗಿರುವವನಿಗೆ ‘ಮಪ್’ ಅಂದಿದ್ದರೆ ದಕ್ಷಿಣ, ‘ಬೆಓ’ ಅಂದಿದ್ದರೆ ಉತ್ತರ. ಹಂದಿಗೆ ‘ಹೆಓ’ ದಕ್ಷಿಣ, ‘ಲನ್’ ಉತ್ತರ. ಅಮ್ಮನಿಗೆ ‘ಮಾ’ ದಕ್ಷಿಣ, ‘ಮೆ’ ಉತ್ತರ. ಓಮ್–ಮಪ್ ಒಂದು ಜೋಡಿ, ಗಯ್–ಬೆಓ ಇನ್ನೊಂದು ಜೋಡಿ. ಒಂದು ಅಧ್ಯಾಯದಲ್ಲಿ ಜೋಡಿ ಬೆರೆತಿದ್ದರೆ ಮಾತಾಡುತ್ತಿರುವ ಪಾತ್ರ ಯಾವ ಊರಿನದು ಅಂತ ನೋಡಿ. ಹನೋಯ್‌ನಿಂದ ಸೈಗಾನ್‌ಗೆ ಬಂದು ನೆಲೆಸಿದವರ ಕಥೆಯಲ್ಲಿ ಬೇಕಂತಲೇ ಬೆರೆಸುತ್ತಾರೆ.

ಕೆಲವು ಸಂಯುಕ್ತ ಪದಗಳಿಗೆ ಈ ಭೇದ ತಾಗುವುದಿಲ್ಲ. ಬಸಿರಿಯ ವಾಂತಿ–ವಾಕರಿಕೆಗೆ ‘ಓಮ್ ಙೆನ್’. ಸೊರಗಿ ಸವೆದುಹೋದವರಿಗೆ ‘ಓಮ್ ಒ ಗಯ್ ಮೊನ್’, ಎರಡು ಪ್ರಾಂತದ ಪದವೂ ಒಂದೇ ಗಟ್ಟಿನಲ್ಲಿ. ‘ಓಮ್ ದೊನ್’ ಅಂದರೆ ಚೆನ್ನಾಗಿ ಒದೆ ತಿನ್ನೋದು, ಅದನ್ನು ಸಣಕಲು ಅಂತ ಓದಬೇಡಿ.

ನುಡಿಜೋಳಿಗೆ:
ಕಥೆ ಉತ್ತರದ ಹಳ್ಳಿಯದು, ಆದರೆ ಒಂದು ಕುಟುಂಬ ದಕ್ಷಿಣಕ್ಕೆ ಹೋಗಿದೆ. ಬೆರಕೆ ಯಾಕಿದೆ ಅಂತ ಈಗ ಹೊಳೀತು. ಸರಿ, ಸೌದೆ ಕಡ್ಡಿಯಿಂದ ಶುರು ಮಾಡಿ.

ಕೆಂಪುನದಿ:
ರಚನೆ ಸರಳ. ಗುಣಪದ, ಆಮೇಲೆ ‘ಞು’ (ಹಾಗೆ, ಥರ), ಆಮೇಲೆ ವಸ್ತು. ‘ಗಯ್ ಞು ಕ್ವೆ ಕುಯ್’: ‘ಕುಯ್’ ಸೌದೆ, ‘ಕ್ವೆ’ ಕಡ್ಡಿ. ಈ ‘ಕ್ವೆ’ ಒಂದು ವರ್ಗಸೂಚಕ ಕೂಡ (ವಸ್ತು ಯಾವ ಬಗೆಯದು ಅಂತ ತೋರಿಸಲು ಅದರ ಹೆಸರಿಗೆ ಮುಂಚೆ ಬರುವ ಪದ). ಬೆಂಕಿಕಡ್ಡಿ, ಐಸ್‌ಕ್ಯಾಂಡಿ ಕಡ್ಡಿ, ಬಸಿರು ಪರೀಕ್ಷೆಯ ಕಡ್ಡಿ ಎಲ್ಲಕ್ಕೂ ಅದೇ. ಇಲ್ಲಿ ಚಿತ್ರ ಏನೆಂದರೆ ಒಲೆಗೆ ಹಾಕುವ ಪುರಲೆ: ಒಣಗಿದ್ದು, ಮೂಳೆಯಂತೆ ಗಂಟು ಗಂಟಾದ್ದು, ಬಗ್ಗಿಸಿದರೆ ಲಟಕ್ಕನೆ ಮುರಿಯುವಂಥದ್ದು. ಉತ್ತರದಲ್ಲಿ ಮಕ್ಕಳಿಂದ ಕಾಲೇಜಿನವರ ತನಕ ಬಳಸುವುದು ಇದೇ, ತಮ್ಮನ್ನು ತಾವೇ ಲೇವಡಿ ಮಾಡಿಕೊಳ್ಳುವುದಕ್ಕೂ ಇದೇ. ಕನ್ನಡಕ್ಕೆ ‘ಪುರಲೆ ಕಡ್ಡಿ’ ಅಂತ ನೇರವಾಗಿ ಇಳಿಯುತ್ತೆ.

ಇನ್ನೊಂದು, ಹಲ್ಲುಕಡ್ಡಿ. ಉತ್ತರದಲ್ಲಿ ‘ಗಯ್ ಞು ಕಾಯ್ ತಮ್’, ದಕ್ಷಿಣದಲ್ಲಿ ‘ಓಮ್ ಞು ಕಯ್ ತಮ್’. ನಡುವಿನ ವರ್ಗಸೂಚಕ ಬದಲಾಗಿದೆ ನೋಡಿ: ಉತ್ತರದವರಿಗೆ ಹಲ್ಲುಕಡ್ಡಿ ಬರೀ ‘ವಸ್ತು’, ದಕ್ಷಿಣದವರಿಗೆ ‘ಗಿಡ’ದ ವರ್ಗ. ನೀಳವಾದ, ಗಟ್ಟಿಯಾದ ಏನೇ ಇದ್ದರೂ ಅವರು ಗಿಡದ ವರ್ಗಕ್ಕೆ ಸೇರಿಸುತ್ತಾರೆ. ಪಾತ್ರದ ಊರು ಗೊತ್ತಾಗದಿದ್ದಾಗ ಇದೂ ಒಂದು ಸುಳಿವು. ಊದುಬತ್ತಿಯ ಬಿದಿರು ಕಡ್ಡಿಗೂ ‘ತಮ್’ ಅಂತಲೇ ಹೆಸರು. ಹನೋಯ್ ಹೊರವಲಯದ ಕ್ವಾಂಗ್ ಫೂ ಕಉ ಹಳ್ಳಿಯಲ್ಲಿ ಕೆಂಪು ಬಣ್ಣ ಹಾಕಿ ಹೂಗುಚ್ಛದಂತೆ ಒಣಗಲು ಹರಡಿಟ್ಟಿರುವ ಫೋಟೋ ಎಲ್ಲರೂ ನೋಡಿರುತ್ತೀರಿ. ಬೆಂಗಳೂರು, ಮೈಸೂರಿನ ಊದುಬತ್ತಿಯವರು ವಿಯೆಟ್ನಾಂನಿಂದ ಬಹಳ ಕಾಲ ತರಿಸಿಕೊಂಡಿದ್ದೂ ಇಂಥ ಬಿದಿರು ಕಡ್ಡಿಯನ್ನೇ. ಹಾಗಾಗಿ ‘ತಮ್’ ಬಂದಲ್ಲಿ ‘ಊದುಬತ್ತಿ ಕಡ್ಡಿ ಥರ’ ಅಂತ ಬರೆದರೆ ಎರಡೂ ಕಡೆಗೆ ಸಲ್ಲುತ್ತೆ.

ಪಡುಗಡಲು:
ಉಪ್ಪುಮೀನಿನ ಬಗ್ಗೆ ನಾನು ಹೇಳ್ತೇನೆ. ಇದರಲ್ಲಿ ಎರಡು ನುಡಿಗಟ್ಟು ಇದೆ ಮಾರಾಯ್ರೆ, ಒಂದೇ ಅಂತ ಎಣಿಸಿ ಅನುವಾದ ಮಾಡ್ಬೇಡಿ.

ಒಂದು ‘ಗಯ್ ಞು ಕಾ ಮಮ್’. ‘ಕಾ ಮಮ್’ ಅಂದ್ರೆ ಇಡೀ ಮೀನಿಗೆ ಉಪ್ಪು ಹಾಕಿ ಇಟ್ಟದ್ದು. ಉಪ್ಪು ನೀರನ್ನು ಎಳೆದ ಮೇಲೆ ಮೀನು ಚಪ್ಪಟೆ ಆಗ್ತದೆ, ಪಕ್ಕೆಯ ಮುಳ್ಳು ಚರ್ಮದ ಮೇಲೆ ಗೀರು ಗೀರಾಗಿ ಏಳ್ತದೆ. ಪಕ್ಕೆಲುಬು ಎಣಿಸುವ ಹಾಗೆ ಕಾಣುವ ಮೈಗೆ ಈ ಮಾತು. ಉದ್ದಕ್ಕಿಂತ ಚಪ್ಪಟೆತನ ಮುಖ್ಯ. ಹಾಗಾಗಿ ಎದೆ ಚಪ್ಪಟೆ ಇರುವ ಹುಡುಗಿಯರನ್ನು ಹಂಗಿಸಲಿಕ್ಕೂ ಮೀನಿನ ಮಾತನ್ನೇ ಹೇಳ್ತಾರೆ, ‘ಮಮ್‌ನ ಹಾಗಿದ್ದಾಳೆ’ ಅಂತ. ಹೆಣ್ಣಿನ ಬಗ್ಗೆ ಬಂದರೆ ಅದು ಲೇವಡಿ ಅಲ್ಲ, ಕೊಂಕು. ಕನ್ನಡದಲ್ಲಿ ‘ಒಣಮೀನು’ ಅಂತ ಇಟ್ಟರೆ ಕರಾವಳಿಯವರಿಗೆ ತಕ್ಷಣ ಗೊತ್ತಾಗ್ತದೆ, ಘಟ್ಟದ ಮೇಲಿನವರಿಗೂ ಕಷ್ಟ ಆಗ್ಲಿಕ್ಕಿಲ್ಲ.

ಇನ್ನೊಂದು ‘ಸಾಕ್ ಮಮ್’, ದಕ್ಷಿಣದಲ್ಲಿ ‘ಓಮ್ ಞು ಸಾಕ್ ಮಮ್’ ಅಂತ ಹೆಚ್ಚು ಕೇಳ್ತದೆ. ಇದು ಮೀನು ಅಲ್ಲವೇ ಅಲ್ಲ, ಮೀನಿನ ಚರಟ. ಅವರ ಮೀನಿನ ದ್ರವ ಮಾಡುವ ಕ್ರಮ ಗೊತ್ತಿದ್ರೆ ಮಾತ್ರ ಇದರ ಖಾರ ಗೊತ್ತಾಗುವುದು. ಫೂ ಕ್ವೋಕ್ ದ್ವೀಪದಲ್ಲಿ ದೊಡ್ಡ ಮರದ ಪೀಪಾಯಿಗೆ ಸುಮಾರು ಮೂರು ಪಾಲು ಬೊಳಿಂಜೀರಿನ ಜಾತಿಯ ಪುಟ್ಟ ಮೀನು, ಒಂದು ಪಾಲು ಉಪ್ಪು ಹಾಕಿ ಭಾರ ಹೇರಿ ಹೆಚ್ಚುಕಡಿಮೆ ಒಂದು ವರ್ಷ ಇಡ್ತಾರೆ. ಅಡಿಯ ಕೊಳಾಯಿಯಿಂದ ಮೊದಲ ರಸ ಇಳಿಸ್ತಾರೆ. ಆಮೇಲೆ ಉಪ್ಪುನೀರು ಹೊಯ್ದು ಎರಡನೇ ರಸ, ಕೆಲವರು ಮೂರನೆಯದ್ದೂ. ಕಡೆಗೆ ಪೀಪಾಯಿಯಲ್ಲಿ ಉಳಿಯುವ ಮುಳ್ಳು, ಹೊಟ್ಟು, ಅದು ‘ಸಾಕ್ ಮಮ್’. ಗೊಬ್ಬರಕ್ಕೆ ಹೋಗುವ ಮಾಲು. ಅಂದ್ರೆ ಈ ಮಾತಿನಲ್ಲಿ ಬರೀ ತೆಳ್ಳಗೆ ಅನ್ನುವುದಿಲ್ಲ, ಇದ್ದ ಸತ್ವ ಎಲ್ಲ ಹಿಂಡಿ ತೆಗೆದಾಗಿದೆ ಅಂತ ಇದೆ. ಬೆಳಗಿಂದ ಬೈಗಿನವರೆಗೆ ದುಡಿದು ಸವೆದವನಿಗೆ ಸರಿಯಾಗಿ ಕೂರ್ತದೆ. ‘ಒಣಮೀನು’ ಇಲ್ಲಿ ಆಗುವುದಿಲ್ಲ. ‘ಕಬ್ಬಿನ ಸಿಪ್ಪೆ’ ಹಾಕಿ, ಗಾಣದಿಂದ ಹೊರಗೆ ಬಿದ್ದದ್ದು.

ನುಡಿಜೋಳಿಗೆ:
‘ಸಾಕ್’ ಅಂದರೆ ಹೆಣ ಅಂತ ನಿಘಂಟಿನಲ್ಲಿತ್ತು. ಹಾಗಾಗಿ ಅಜ್ಜಿಯ ‘ಸಾಕ್ ವೆ’ಗೆ ‘ಸತ್ತ ಜೀರುಂಡೆ’ ಅಂತ ಕರಡಿನಲ್ಲಿದೆ.

ಕೆಂಪುನದಿ:
ಬದಲಾಯಿಸಿ. ‘ಸಾಕ್’ ಅಂದರೆ ಹೆಣವೂ ಹೌದು, ಒಳಗಿನದು ಹೋದಮೇಲೆ ಉಳಿಯುವ ಹೊರಗಿನದೂ ಹೌದು. ‘ವೆ’ ಜೀರುಂಡೆ. ವರ್ಷಗಟ್ಟಲೆ ಮಣ್ಣಿನೊಳಗಿದ್ದ ಮರಿ ಮರ ಹತ್ತಿ, ಬೆನ್ನು ಸೀಳಿಕೊಂಡು ರೆಕ್ಕೆಯ ಹುಳುವಾಗಿ ಹಾರಿಹೋಗುತ್ತೆ. ತೊಗಟೆಯ ಮೇಲೆ ಕಂದುಬಣ್ಣದ ಖಾಲಿ ಕವಚ ಉಳಿಯುತ್ತೆ. ಕಾಲಿನ ಉಗುರು, ಕಣ್ಣಿನ ಗುಬುಟು, ಮೀಸೆ ಕೂಡ ಅದರಲ್ಲಿ ಮೂಡಿರುತ್ತೆ. ಮುಟ್ಟಿದರೆ ಪುಡಿ. ಬೆನ್ನಿನ ನಡುವೆ ನೆಟ್ಟಗೆ ಒಂದು ಸೀಳು. ‘ಮೈ ಸಾಕ್ ವೆಯಂತೆ ಸೊರಗಿದೆ’ ಅಂದರೆ ಆಕಾರ ಉಳಿದಿದೆ, ಒಳಗೆ ಏನೂ ಇಲ್ಲ ಅಂತ. ಮುದುಕರಿಗೆ, ದೀರ್ಘ ಕಾಯಿಲೆಯವರಿಗೆ, ಬಾಣಂತನದಲ್ಲಿ ಬಸವಳಿದವರಿಗೆ ಮರುಕದಿಂದ ಹೇಳುವ ಮಾತು. ಗೇಲಿಗೆ ಇದನ್ನು ಬಳಸುವುದು ಅಪರೂಪ. ಕನ್ನಡದ ‘ಪೊರೆ’ ಹಾವಿನ ಜೊತೆ ಹೆಚ್ಚು ಅಂಟಿಕೊಂಡಿದೆ ನಿಜ, ಆದರೂ ‘ಜೀರುಂಡೆ ಬಿಟ್ಟುಹೋದ ಪೊರೆ’ ಅಂದರೆ ಮಲೆನಾಡಿನವರಿಗೆ ಕಣ್ಣಿಗೆ ಕಟ್ಟುತ್ತೆ. ಚೀನೀ–ವಿಯೆಟ್ನಾಮಿ ಮದ್ದಿನ ಅಂಗಡಿಗಳಲ್ಲಿ ಈ ಪೊರೆಯನ್ನೇ ಔಷಧಿ ಅಂತ ಮಾರುತ್ತಾರೆ, ಆ ಜನಕ್ಕೆ ಇದು ಅಪರಿಚಿತ ವಸ್ತುವಲ್ಲ.

ಹತ್ತಿರದ ಇನ್ನೊಂದು: ‘ಸಾಕ್ ಞು ವ, ಸ ಞು ಞೋಂಗ್’. ‘ವ’ ಒಂದೇ ದಿನ ಬದುಕುವಂಥ ನೀರಹುಳು, ‘ಞೋಂಗ್’ ರೇಷ್ಮೆ ಗೂಡಿನೊಳಗಿನ ಹುಳು. ನೂಲು ಬಿಚ್ಚಿಕೊಂಡ ಮೇಲೆ ಬತ್ತಲೆ ಉಳಿಯುತ್ತಲ್ಲ, ಅದು. ಇದನ್ನು ಮೈಗಿಂತ ಹೆಚ್ಚಾಗಿ ದಿವಾಳಿ ಎದ್ದು ಹೋದ ಸ್ಥಿತಿಗೆ ಹೇಳುತ್ತಾರೆ. ‘ಚನ್ ಞು ಞೋಂಗ್’ ಅಂದರಂತೂ ಬರೀ ಬೆತ್ತಲೆ, ಸಣ್ಣ–ದಪ್ಪದ ಪ್ರಶ್ನೆಯೇ ಇಲ್ಲ. ರಾಮನಗರದಲ್ಲಿ ನೂಲು ತೆಗೆಯುವುದನ್ನು ನೋಡಿದವರಿಗೆ ಎರಡೂ ಬಿಡಿಸಿ ಹೇಳಬೇಕಿಲ್ಲ.

ಪೇಡೆನಗರಿ:
ಕೊಕ್ಕರಿ ಮತ್ತ ಸಾರಸ ಎರಡೂ ಉದ್ದ ಕಾಲಿನ ಹಕ್ಕಿನ ಅಲ್ರೀ? ಒಂದು ಹೊಗಳಿಕಿ, ಒಂದು ಹಂಗಿಸೂದು ಹೆಂಗ ಆತು?

ಕೆಂಪುನದಿ:
ಅದೇ ಇದರಲ್ಲಿನ ಮಜಾ. ‘ಕೊ’ ಅಂದರೆ ಗದ್ದೆಯ ಕೊಕ್ಕರೆ, ಬೆಳ್ಳಕ್ಕಿ. ಕೆಸರಿನಲ್ಲಿ ನಿಂತು ಹೊಟ್ಟೆ ಹೊರೆಯುವ ಹಕ್ಕಿ. ‘ಹಾಕ್’ ಅಂದರೆ ಸಾರಸ, ಚೀನಾದಿಂದ ಬಂದ ಪದ, ದೇವಸ್ಥಾನದ ಹಕ್ಕಿ. ಅಲ್ಲಿನ ಊರಗುಡಿಗಳಲ್ಲಿ ಆಮೆಯ ಬೆನ್ನ ಮೇಲೆ ನಿಂತ ಸಾರಸದ ಜೋಡಿ ದೇವರ ಮುಂದೆ ಇರುತ್ತೆ, ದೀರ್ಘಾಯುಷ್ಯದ ಗುರುತು.

ಹಾಗಾಗಿ ‘ಗಯ್ ಞು ಕೊ ಹುಅಂಗ್’ ಅಂದರೆ ಕಾಲು–ಕತ್ತು ಮಾತ್ರ ಕಾಣುವ ಬಡಕಲು. ‘ಮಿಞ್ ಹಾಕ್ ಸುಅಂಗ್ ಮಾಯ್’ ಅಂದರೆ ‘ಸಾರಸದ ಮೈ, ಮಾಯ್ ಮರದ ಮೂಳೆ’, ಕೋಮಲಾಂಗಿ. ‘ಮಾಯ್’ ಚಳಿಯಲ್ಲಿ ಎಲೆಯಿಲ್ಲದ ಕೊಂಬೆಯ ಮೇಲೆ ಹೂಬಿಡುವ ಮರ. ಆ ಕೊಂಬೆಯ ಸಪೂರತನವೇ ಹೋಲಿಕೆ. ಙುಯೆನ್ ಜ಼ು ಬರೆದ 3254 ಸಾಲಿನ ಕಿಯೆಉ ಕಾವ್ಯದ 17ನೇ ಸಾಲಿನಲ್ಲೇ ಅಕ್ಕತಂಗಿಯರಿಬ್ಬರಿಗೂ ‘ಮಾಯ್‌ನ ನಿಲುವು, ಹಿಮದ ಮನಸ್ಸು’ ಅಂತ ಬರುತ್ತೆ. ಓದಿದ ಜನ ಆಡುವ ಮಾತು. ಸಂತೆಯಲ್ಲಿ ಮೀನು ಮಾರುವವಳ ಬಾಯಲ್ಲಿ ಬಂದರೆ ವ್ಯಂಗ್ಯ ಅಂತ ತಿಳಿಯಿರಿ.

ಮೇಕಾಂಗ್_ದಂಡೆ:
ದಕ್ಷಿಣದಲ್ಲಿ ‘ಕೊ ಹುಅಂಗ್’ ಜಾಗಕ್ಕೆ ‘ಓಮ್ ಞು ಕೊ ಮಾ’ ಬರುತ್ತೆ. ‘ಮಾ’ ಅಂದರೆ ದೆವ್ವ ಅಂತ ‘ದೆವ್ವದ ಕೊಕ್ಕರೆ’ ಮಾಡಬೇಡಿ, ಅದೊಂದು ಜಾತಿಯ ಹೆಸರು. ಬರೀ ಕಾಲು ಸಣ್ಣಗಿದ್ದರೆ ‘ಓಂಗ್ ಸಯ್’, ಜೊಂಡಿನ ಕೊಳವೆ. ಇದನ್ನು ಕೈಕಾಲಿಗೆ ಮಾತ್ರ ಹೇಳುತ್ತಾರೆ.

ಕೊಕ್ಕರೆ ಬರೀ ಗೇಲಿಯ ಹಕ್ಕಿಯೂ ಅಲ್ಲ. ಜನಪದ ಪದಗಳಲ್ಲಿ ನದಿ ದಂಡೆಯಲ್ಲಿ ಅಲೆಯುತ್ತ, ಅಕ್ಕಿ ಹೊತ್ತು ಗಂಡನನ್ನು ಬೀಳ್ಕೊಡುವ ಕೊಕ್ಕರೆ ಅಂದರೆ ಬಡ ರೈತನ ಹೆಂಡತಿ. ‘ಥನ್ ಕೊ’ ಅಂದರೆ ಕೊಕ್ಕರೆಯ ಮೈ. ಸಂಸಾರದ ಭಾರವನ್ನು ಒಬ್ಬಳೇ ಎಳೆಯುವವಳ ಬಾಳು ಅಂತ ಅರ್ಥ. ನಿಮ್ಮ ಕಥೆಯಲ್ಲಿ ಕೊಕ್ಕರೆ ಮದುವೆಯಾದ ಹೆಂಗಸಿಗೆ ಬಂದಿದ್ದರೆ ಗೇಲಿ ಅಂತ ತೀರ್ಮಾನಿಸುವ ಮುಂಚೆ ಆ ವಾಕ್ಯ ಇನ್ನೊಮ್ಮೆ ಓದಿ. ‘ಞು’ ಇದೆಯಾ, ‘ಥನ್’ ಇದೆಯಾ ನೋಡಿ.

ನುಡಿಜೋಳಿಗೆ:
‘ಥನ್’ ಇದೆ. ‘ಕೊಕ್ಕರೆಕಾಲಿನವಳು’ ತೆಗೆದುಹಾಕುತ್ತೇನೆ.

ಪ್ರಾಸಪ್ರಿಯ:
ಹೊಗಳಿಕೆಯ ಸಾಲಿಗೆ ‘ಥತ್ ದಾಯ್ ಲುಂಗ್ ಒಂಗ್’ ಸೇರಿಸಿ. ಅಕ್ಷರಶಃ ಕಣಜದ ನಡು. ಪೂರ್ತಿ ಗಾದೆಯ ಪ್ರಕಾರ ಅಂಥ ನಡುವಿನವಳು ಗಂಡನನ್ನು ಒಲಿಸಿಕೊಳ್ಳುವುದರಲ್ಲೂ ಜಾಣೆ, ಮಕ್ಕಳನ್ನು ಸಾಕುವುದರಲ್ಲೂ ಜಾಣೆ. ಇದು 6–8 ಮಾತ್ರೆಯಲ್ಲ, 6–8 ಉಚ್ಚಾರಾಂಶದ ‘ಲುಕ್ ಬಾತ್’ ದ್ವಿಪದಿ. ಸಾಮಾನ್ಯವಾಗಿ ಮೊದಲ ಸಾಲಿನ ಆರನೆಯದು ಎರಡನೇ ಸಾಲಿನ ಆರನೆಯದರ ಜೊತೆ ಪ್ರಾಸವಾಗಬೇಕು. ಇಲ್ಲಿ ‘ಒಂಗ್’ ಹೋಗಿ ನಾಲ್ಕನೆಯದಾದ ‘ಚೋಂಗ್’ಗೆ (ಗಂಡ) ಕೂಡುತ್ತೆ. ಹಳೆಯ ಜನಪದ ಪದಗಳಲ್ಲಿ ಇಂಥದ್ದು ಇದೆ, ತಪ್ಪಲ್ಲ.

ಕನ್ನಡಕ್ಕೆ ‘ಕಣಜದ ಸೊಂಟ’ ಅಂತ ತಂದರೆ ಓದುಗನಿಗೆ ಕಡಿತವೇ ನೆನಪಾಗೋದು. ನಮ್ಮಲ್ಲಿ ‘ಸಿಂಹಕಟಿ’ ಇದೆ, ಅದಕ್ಕಿಂತ ಚೆನ್ನಾಗಿ ಹಳಗನ್ನಡದ ‘ಬಡನಡು’ ಇದೆ. ಬಡ ಅನ್ನುವುದು ನಡುವಿಗೆ ಅಂಟಿದರೆ ಸೊಗಸು, ‘ಕಲು’ ಅಂಟಿ ‘ಬಡಕಲು’ ಆದರೆ ಬೈಗುಳ. ಗಾದೆಗೆ ‘ಬಡನಡುವಿನವಳು’ ಸಲ್ಲುತ್ತೆ. ಆಡುಮಾತಿನ ಹೊಗಳಿಕೆ ‘ಮಿಞ್ ಜ಼ಯ್’ ಅಂದರೆ ಹಗ್ಗದಂಥ, ಹಂಬಿನಂಥ ಮೈ. ಇದಕ್ಕೆ ‘ಬಳ್ಳಿಯಂಥ ಮೈ’ ಸಾಕು, ನಮ್ಮಲ್ಲಿ ‘ಲತಾಂಗಿ’ ಇದ್ದೇ ಇದೆ. ಇನ್ನು ‘ಮಿ ಞೊನ್’ ಅಂತ ಕಂಡರೆ ಅದು ವಿಯೆಟ್ನಾಮಿ ಅಲ್ಲ, ಫ್ರೆಂಚರು ಬಿಟ್ಟುಹೋದ ‘ಮಿಞೊನ್’. ಪುಟ್ಟಗೆ ಮುದ್ದಾಗಿರುವವಳು.

ಇನ್ನೊಂದು ಗಾದೆ ಬಿಟ್ಟರೆ ಪಾಪ: ‘ಙುಅಯ್ ಗಯ್ ಥಯ್ ಕಮ್’. ಙುಅಯ್ ಮನುಷ್ಯ, ಥಯ್ ಮೇಷ್ಟರು, ಕಮ್ ಅನ್ನ. ಸಣಕಲ ಮನುಷ್ಯ ಅನ್ನಕ್ಕೆ ಮೇಷ್ಟರು, ಅಂದರೆ ಊಟಕ್ಕೆ ಕೂತರೆ ಅವನನ್ನು ಮೀರಿಸುವವರಿಲ್ಲ. ನಾಲ್ಕೇ ಉಚ್ಚಾರ, ನಡುವಿನ ಗಯ್–ಥಯ್ ಪ್ರಾಸ. ಇಂಥ ಒಳಪ್ರಾಸಕ್ಕೆ ಅವರ ಹೆಸರು ‘ಸೊಂಟದ ಪ್ರಾಸ’, ನಮ್ಮ ಎರಡನೇ ಅಕ್ಷರದ ಪ್ರಾಸದ ಹಾಗೆ ಸಾಲಿನ ತಲೆಯಲ್ಲಿ ಬರದೆ ನಡುವಿನಲ್ಲಿ ಬರುತ್ತೆ. ಅರ್ಥ ಉಳಿದರೆ ಸಾಲದು, ಸದ್ದೂ ಉಳಿಯಬೇಕು. ‘ಬಡಕಲಾದರೂ ಬಕಾಸುರ’ ಅನ್ನಬಹುದು. ‘ಚಉ ಗಯ್ ಕುಂಗ್ ತಾಯ್ ಬೊ ಜ಼ೋಂಗ್’ ಕೂಡ ಅದೇ ಕುಲ: ಬಡಕಲು ಎಮ್ಮೆಯೂ ಬೀಜದ ಹೋರಿಗೆ ಸಮ. ದೊಡ್ಡ ಮನೆತನ ಇಳಿದರೂ ಸಣ್ಣದರ ಮಟ್ಟಕ್ಕಿಂತ ಕೆಳಗೆ ಹೋಗದು ಅನ್ನುವ ಕಡೆ ಬಳಕೆ.

ಪೇಡೆನಗರಿ:
‘ಬಡಕಲಾದರೂ ಬಕಾಸುರ’ ಭಾರಿ ಐತ್ರಿ. ಇನ್ನ ‘ಜ಼ಾ ಬೊಕ್ ಸುಅಂಗ್’ ಒಂದು ಉಳೀತು. ಎಲುಬಿಗೆ ತೊಗಲು ಹೊಚ್ಚಿಧಾಂಗ ಅಂತ. ನಮ್ಮ ಕಡೆ ‘ಎಲುಬಿನ ಹಂದರ’, ಮೈಸೂರು ಕಡೆಯವರು ‘ಮೂಳೆ ಚಕ್ಕಳ’ ಅಂತಾರ. ಇದು ಸೀದಾ ಕೂಡತೈತಿ, ಏನೂ ತ್ರಾಸಿಲ್ಲ.

ಕೆಂಪುನದಿ:
ಅರ್ಥ ಕೂಡುತ್ತೆ, ಭಾರ ಕೂಡುವುದಿಲ್ಲ. ‘ಜ಼ಾ’ ಚರ್ಮ (ದಕ್ಷಿಣದಲ್ಲಿ ‘ಯಾ’), ‘ಬೊಕ್’ ಸುತ್ತು, ‘ಸುಅಂಗ್’ ಮೂಳೆ. ಇದಕ್ಕೆ ‘ಞು’ ಬೇಡ, ಯಾಕೆಂದರೆ ಇದು ಹೋಲಿಕೆ ಅಲ್ಲ, ಕಂಡದ್ದು. ಮುಂದೆ ‘ಚಿ ಕೊನ್’ (ಉಳಿದಿರುವುದು ಇಷ್ಟೇ) ಸೇರಿಸಿ ‘ಚಿ ಕೊನ್ ಜ಼ಾ ಬೊಕ್ ಸುಅಂಗ್’ ಅನ್ನುವುದು ವಾಡಿಕೆ.

ಉತ್ತರ ವಿಯೆಟ್ನಾಂನ ಹಿನ್ನೆಲೆಯಲ್ಲಿ ಈ ಮಾತಿನ ಹಿಂದೆ 1944–45ರ ಬರ ನಿಂತಿದೆ. ಅವರ ಪಂಚಾಂಗದ ಹೆಸರಿನಲ್ಲಿ ‘ಅತ್ ಜ಼ಉ’ ವರ್ಷದ ಹಸಿವು. ಜಪಾನೀ ಸೈನ್ಯ ಮತ್ತು ಫ್ರೆಂಚ್ ಆಡಳಿತ ಭತ್ತವನ್ನು ಬಲವಂತವಾಗಿ ಎತ್ತಿದವು, ಭತ್ತದ ಗದ್ದೆಯಲ್ಲಿ ಸೆಣಬು ಬೆಳೆಸಿದವು, ಬಾಂಬ್ ದಾಳಿಯಿಂದ ದಕ್ಷಿಣದ ಅಕ್ಕಿ ಉತ್ತರಕ್ಕೆ ಬರುವ ದಾರಿ ಕಡಿಯಿತು, ಹವಾಮಾನವೂ ಕೈಕೊಟ್ಟಿತು. 1945ರ ಸೆಪ್ಟೆಂಬರ್ 2ರಂದು ಹೋ ಚಿ ಮಿನ್ ಓದಿದ ಸ್ವಾತಂತ್ರ್ಯ ಘೋಷಣೆಯಲ್ಲೇ 20 ಲಕ್ಷಕ್ಕೂ ಹೆಚ್ಚು ಜನ ಹಸಿವಿನಿಂದ ಸತ್ತರು ಅಂತ ಇದೆ. ಇತಿಹಾಸಕಾರರ ಅಂದಾಜು 4 ಲಕ್ಷದಿಂದ 20 ಲಕ್ಷದವರೆಗೆ ಹರಡಿದೆ. ವೋ ಆನ್ ನಿಞ್ ತೆಗೆದ ಆ ಕಾಲದ ಫೋಟೋಗಳಲ್ಲಿ ಕಾಣುವ ಮೈಗೆ ಈ ಮೂರು ಪದ ಬಿಟ್ಟರೆ ಬೇರೆ ಮಾತಿಲ್ಲ. ಹಾಗಾಗಿ ಕಥೆ ಆ ಕಾಲದ್ದಾದರೆ, ಅಥವಾ ಮಾತಾಡುವವರು ಆ ತಲೆಮಾರಿನವರಾದರೆ, ‘ಮೂಳೆ ಚಕ್ಕಳ’ದಲ್ಲಿರುವ ಗೇಲಿಯ ಎಳೆ ಅಡ್ಡ ಬರುತ್ತೆ. ‘ಮೂಳೆಗೆ ಚರ್ಮ ಅಂಟಿಕೊಂಡಿತ್ತು, ಅಷ್ಟೇ’ ಅಂತ ಬಿಡಿಸಿ ಬರೆಯಿರಿ. ಇವತ್ತಿನ ಹುಡುಗರು ಡಯಟ್ ಮಾಡಿದ ಗೆಳತಿಗೆ ಅದನ್ನೇ ಅಂದರೆ ‘ಮೂಳೆ ಚಕ್ಕಳ’ ಧಾರಾಳವಾಗಿ ಹಾಕಬಹುದು.

ಗೇಲಿಯೇ ಬೇಕಿದ್ದರೆ ‘ಬೋ ಸುಅಂಗ್ ಕಾಕ್ ಚೀ’ ಇದೆಯಲ್ಲ. ‘ಕಾಕ್ ಚೀ’ ಫ್ರೆಂಚರ ಕಾಲದ ಶಾಲೆಯಲ್ಲಿ ಪ್ರಕೃತಿ ವಿಜ್ಞಾನ ಪಾಠದ ಹೆಸರು, ಕನ್‌ಫ್ಯೂಷಿಯಸ್ ಪಂಥದ ‘ವಸ್ತುವನ್ನು ಪರೀಕ್ಷಿಸಿ ಅರಿವು ಪಡೆ’ ಅನ್ನೋ ಮಾತನ್ನು ಮೊಟಕು ಮಾಡಿದ್ದು. ಆ ತರಗತಿಯ ಮೂಲೆಯ ಅಸ್ಥಿಪಂಜರದಂತೆ ಅಂತ. ಪಾಠದ ಹೆಸರು ಯಾವತ್ತೋ ಹೋಯಿತು, ಅಸ್ಥಿಪಂಜರ ಮಾತಿನಲ್ಲಿ ಉಳಿಯಿತು. ಪಾತ್ರದ ವಯಸ್ಸು ಹಿಡಿಯೋಕೆ ಒಳ್ಳೆಯ ಸುಳಿವು.

ನುಡಿಜೋಳಿಗೆ:
‘ಞು’ ಇಲ್ಲದೆ ಬರೀ ಎರಡು ಪದ ಬರುವ ಜಾಗವೂ ಬೇಕಾದಷ್ಟಿವೆ. ಗಯ್ ಗೊ, ಗಯ್ ಕೊಮ್, ಗಯ್ ದೆತ್. ಎರಡನೇ ಪದಕ್ಕೆ ಅರ್ಥ ಹುಡುಕಿದರೆ ಏನೂ ಸಿಗ್ತಿಲ್ಲ.

ಮೇಕಾಂಗ್_ದಂಡೆ:
ಅದನ್ನು ಒಂಟಿಯಾಗಿ ಹುಡುಕಬೇಡಿ. ಅದರ ಕೆಲಸ ಬಣ್ಣ ಕೊಡುವುದು, ನಮ್ಮ ‘ಕೆಂಪಗೆ’ಗೆ ‘ಕೆಂಡ’ದಂತೆ ‘ಕಪ್ಪಗೆ’ಗೆ ‘ಕರ್ರಗೆ’ಯಂತೆ. ಗಯ್ ಗೊ: ಮೂಳೆ ಎದ್ದು ಕಾಣುವ ಮೈ, ಬೈಗುಳವಲ್ಲ. ಗಯ್ ಗುಓಕ್: ನರ ಉಬ್ಬಿದ ಮುದಿ ಕೈಗಳಿಗೆ. ಗಯ್ ಕೊಮ್: ಬೆಳವಣಿಗೆಯೇ ಇಲ್ಲದ ನರಪೇತಲ. ಗಯ್ ದೆತ್: ಒಣಗಿ ಸುಕ್ಕಿದ್ದು. ಗಯ್ ಜ಼ೋಕ್: ಜ್ವರವೋ ಚಿಂತೆಯೋ ಬಂದು ಬೇಗ ಇಳಿದುಹೋದದ್ದು, ಇಲ್ಲಿ ‘ಸೊರಗಿ ಹೋಗಿದ್ದಾನೆ’ ಸರಿ. ಮುಖ ಮಾತ್ರ ಬತ್ತಿದ್ದರೆ ‘ಹೋಕ್ ಹಾಕ್’, ಕೆನ್ನೆ ಗುಳಿಬಿದ್ದದ್ದು. ವಯಸ್ಸಿನಿಂದಲೋ ಕಾಯಿಲೆಯಿಂದಲೋ ಬಡಕಲಾಗಿ ನಿತ್ರಾಣರಾದವರಿಗೆ ‘ಹೊಮ್ ಹೆಮ್’. ‘ಖಂಗ್ ಖಿಉ’ ಕೈಕಾಲಿಗೂ ಎಲೆ ಉದುರಿದ ಕೊಂಬೆಗೂ ಸಮ. ಎತ್ತರವಾಗಿ ತೆಳ್ಳಗೆ, ನೋಡಲು ಚೆನ್ನಾಗಿದ್ದರೆ ‘ಜ಼ೊಂಗ್ ಜ಼ೊಂಗ್’, ಕನ್ನಡದ ‘ನೀಳಕಾಯ’.

ದಕ್ಷಿಣದವರು ಇದನ್ನು ಜಗ್ಗಿ ನಾಲ್ಕು ಮಾಡುತ್ತಾರೆ: ‘ಓಮ್ ತೊಂಗ್ ಓಮ್ ತೆಓ’, ‘ಓಮ್ ಞೊಮ್ ಓಮ್ ಞಾತ್’. ತಾಳ ಕೇಳಿಸುತ್ತಲ್ಲ, ಕನ್ನಡದಲ್ಲೂ ಜೋಡಿಸಿ: ‘ಸಣಕಲು ಪಣಕಲು’.

ಒಂದು ಎಚ್ಚರಿಕೆ. ‘ಕೊಯ್’ ಅಂದರೆ ಕುಳ್ಳಗೆ ಬೆಳವಣಿಗೆ ಕುಂಠಿತವಾದದ್ದು. ‘ಕೊಯ್ ಸುಅಂಗ್’ ಆದರೆ ರಿಕೆಟ್ಸ್ ಕಾಯಿಲೆಯ ಹೆಸರು. ಡಾಕ್ಟರು ಹೇಳಿದರೆ ರೋಗ, ಅಣ್ಣ ತಮ್ಮನಿಗೆ ಹೇಳಿದರೆ ಕೀಟಲೆ. ಮತ್ತೆ ಬೀದಿಮಾತಿನಲ್ಲಿ ‘ಮಾದಕ ವ್ಯಸನಿಯ ಥರ ಓಮ್’ ಅಂತಲೂ ಇದೆ, ಅದು ಖಡಾಖಂಡಿತ ಅವಮಾನ.

ಪೇಡೆನಗರಿ:
ಹಿರಿಯರ ಮುಂದ ಇವೆಲ್ಲಾ ಅನ್ನಬಹುದೇನ್ರಿ?

ಕೆಂಪುನದಿ:
ದೊಡ್ಡವರು ಚಿಕ್ಕವರಿಗೆ ‘ಯಾಕೆ ಇತ್ತೀಚೆಗೆ ಇಷ್ಟು ಗಯ್’ ಅನ್ನುವುದು ಅಲ್ಲಿ ಕುಶಲ ವಿಚಾರಿಸುವ ಕ್ರಮ, ನಮ್ಮ ಅಜ್ಜಿ ‘ಏನೋ ಮಗಾ, ಇಳಿದುಹೋಗಿದೀಯಲ್ಲ’ ಅಂದಹಾಗೆ. ಉತ್ತರ ಬಯಸಿ ಕೇಳುವುದಲ್ಲ. ತಿರುಗಿ ಹಿರಿಯರಿಗೆ ಹೇಳುವಾಗ ‘ಞು’ ಬಳಸುವ ಹಾಗಿಲ್ಲ. ಸೌದೆ, ಮೀನು, ಕೊಕ್ಕರೆ ಒಂದೂ ಬರಬಾರದು. ‘ಸ್ವಲ್ಪ ಗಯ್ ದಿ ಆಗಿದ್ದೀರಿ’ ಅಥವಾ ‘ತೂಕ ಇಳಿದಿದೆ’ (‘ಸುತ್ ಕನ್’) ಅಷ್ಟೇ. ಅದನ್ನೂ ‘ಬಾಕ್’, ‘ಓಂಗ್’ ಅಂತ ದೊಡ್ಡಪ್ಪ–ತಾತನ ಸಂಬೋಧನೆ ಹಚ್ಚಿ. ನಿಮ್ಮ ಕಥೆಯಲ್ಲಿ ಸೊಸೆ ಅತ್ತೆಗೆ ನೇರವಾಗಿ ‘ಞು ಕಾ ಮಮ್’ ಅಂದಿದ್ದರೆ ಅದು ಜಗಳದ ದೃಶ್ಯ, ಕನ್ನಡದಲ್ಲಿ ಏಕವಚನಕ್ಕೆ ಇಳಿಯಬಹುದು.

ನುಡಿಜೋಳಿಗೆ:
ಜಗಳವೇ. ಕೊನೆಯದೊಂದು: ದಕ್ಷಿಣಕ್ಕೆ ಹೋದ ಮಾವ ‘ಗಯ್ ಸೊಂಗ್’ ಅಂತಾನೆ. ಇಲ್ಲಿ ಯಾರು ಸೊರಗಿದ್ದು?

ಮೇಕಾಂಗ್_ದಂಡೆ:
ಯಾರೂ ಇಲ್ಲ. ದಕ್ಷಿಣದಲ್ಲಿ ‘ಗಯ್’ ಕ್ರಿಯಾಪದವಾಗಿ ‘ಶುರುಹಚ್ಚು’. ‘ಗಯ್ ಸೊಂಗ್’ ಅಂದರೆ ಜೂಜಿನ ಪಟ ಹಾಸೋದು. ‘ಗಯ್ ಯುಂಗ್’ ಅಂದರೆ ಕಷ್ಟಪಟ್ಟು ವ್ಯಾಪಾರವೋ ಸಂಸಾರವೋ ಕಟ್ಟೋದು. ಮುಂದಿನ ಪುಟದಲ್ಲಿ ಇಸ್ಪೀಟ್ ಎಲೆ ಬರುತ್ತಾ ನೋಡಿ.

ನುಡಿಜೋಳಿಗೆ:
ಬರುತ್ತೆ.